ಕೇಳ್ರಿ, ಹೇಳ್ತೀನಿ: ಸಮುದ್ರದ ದಂಡೆಯಲ್ಲಿ ವಿಡಿಯೋ ಕಾಲ್

ಸೂಟಿಗೆ ಗೋಕರ್ಣ, ಮುರ್ಡೇಶ್ವರ, ಕಾರವಾರ, ಗೋವಾ ಅಂತ ಹೋಗಿ ಬಂದವರ ಪತ್ರಗಳೇ ಈ ಸಲ ಮೇಜಿನ ತುಂಬ ಇವೆ. ಬೆಳಗಾವಿಯವರು ಚೋರ್ಲಾ ಘಾಟ್ ಇಳಿದರೆ ಗೋವಾ. ಬಾಗಲಕೋಟೆ, ವಿಜಯಪುರದವರಿಗೆ ಸಮುದ್ರ ಅಂದರೆ ರಾತ್ರಿಯ ಬಸ್ಸು. ಅಷ್ಟು ದೂರ ಹೋದವರಿಗೆ ಮನೆಯವರಿಗೂ ಒಂದಿಷ್ಟು ತೆರೆ ತೋರಿಸೋಣ ಅನ್ನಿಸುವುದು ಸಹಜ. ಆದರೆ ಪತ್ರಗಳಲ್ಲಿ ಬಂದಿರುವ ಜಗಳಗಳೆಲ್ಲ ಹುಟ್ಟಿರುವುದು ಅಲ್ಲಿಂದಲೇ. ನಾನು ಬಾಗಲಕೋಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್, ಅಂದರೆ ಊರಿಂದ ಊರಿಗೆ ಮಾಡುವ ಫೋನು, ಜೋಡಿಸುತ್ತ ನೌಕರಿ ಮುಗಿಸಿದವಳು. ಈ ವಿಷಯ ನನಗೆ ಬೇರೆಯವರಿಗಿಂತ ಸ್ವಲ್ಪ ಹತ್ತಿರದ್ದು, ಅದಕ್ಕೇ ಇಡೀ ಅಂಕಣ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾರ, ನಾವು ಮನಿ ಮಂದಿ ಎಲ್ಲಾರೂ ಗೋಕರ್ಣಕ್ಕ ಹೋಗಿದ್ವಿ. ಮುಂಜಾನೆ ಸಮುದ್ರದಾಗ ಜಳಕ ಮಾಡುವಾಗ ನಮ್ಮ ಮೈದುನ ಊರಿಗೆ ವಿಡಿಯೋ ಕಾಲ್ ಹಚ್ಚಿದ. ಊರಾಗ ಆ ಫೋನು ಕೈಯಿಂದ ಕೈಗೆ ಹೋಗಿ ಕಟ್ಟಿ ಮ್ಯಾಲೆ ಕುಂತ ಗಂಡಸ್ರೂ ನೋಡ್ಯಾರ. ನಾನೂ ನಮ್ಮತ್ತಿನೂ ತೊಯ್ದ ಸೀರ್ಯಾಗ ಇದ್ವಿ. ‘ಬಂದ್ ಮಾಡು’ ಅಂದದ್ದಕ್ಕ ‘ಮನಿಯವ್ರೇ ನೋಡಾಕತ್ತಾರ, ಏನಾತೀಗ’ ಅಂತ ಎಲ್ಲಾರೂ ನನಗ ಬೈದ್ರು. ನಂದು ತಪ್ಪೇನ್ರಿ?
(ಹೆಸರು ಬೇಡ, ಇಳಕಲ್)

ನಿಮ್ಮದು ತಪ್ಪಲ್ಲ ತಂಗಿ. ಬಂದ್ ಮಾಡು ಅನ್ನುವ ಹಕ್ಕು ನಿಮಗಿತ್ತು, ನಿಮ್ಮ ಅತ್ತೆಗಿತ್ತು, ಪಕ್ಕದಲ್ಲಿ ಮುಳುಗೇಳುತ್ತಿದ್ದ ಪರಊರಿನ ಹೆಣ್ಣುಮಕ್ಕಳಿಗೂ ಇತ್ತು. ಇಳಕಲ್ಲಿನ ಕಟ್ಟೆಯ ಮೇಲೆ ಕೂತವರು ಅವರಿಗೆ ಯಾವ ಮನೆಯವರು?

ಗೋಕರ್ಣದ ದಂಡೆಯಲ್ಲಿ ಮುಂಜಾನೆ ಮೀಯುವವರಲ್ಲಿ ಹೆಚ್ಚಿನವರು ಮೋಜಿಗೆ ಬಂದವರಲ್ಲ. ಸಮುದ್ರದಲ್ಲಿ ಮುಳುಗಿ, ಕೋಟಿತೀರ್ಥಕ್ಕೆ ಹೋಗಿ, ಮಹಾಬಲೇಶ್ವರನ ದರ್ಶನಕ್ಕೆ ಸಾಲು ಹಚ್ಚುವವರು. ಉಟ್ಟ ಸೀರೆಯಲ್ಲೇ ನೀರಿಗಿಳಿಯುತ್ತಾರೆ, ಎದ್ದ ಮೇಲೆ ಒಬ್ಬರು ಸೀರೆ ಮರೆ ಹಿಡಿದರೆ ಇನ್ನೊಬ್ಬರು ಬದಲಿಸುತ್ತಾರೆ. ಒಂದು ಸೀರೆಯ ಮರೆ ಅಷ್ಟು ಜನರ ನಡುವೆ ಹೇಗೆ ಸಾಕಾಗುತ್ತದೆ ಅಂದರೆ, ಅಲ್ಲಿದ್ದವರು ತಾವಾಗಿಯೇ ಆ ಕಡೆ ಮುಖ ತಿರುಗಿಸುತ್ತಾರೆ. ಕೂಡಲಸಂಗಮದ ಹೊಳೆ ದಂಡೆಯಲ್ಲೂ ಇದನ್ನೇ ಕಂಡಿದ್ದೇನೆ. ಯಾರೂ ಹೇಳಿಕೊಡದೆ ನಡೆದು ಬಂದ ಮರ್ಯಾದೆ ಅದು. ನಿಮ್ಮ ಮೈದುನ ಎತ್ತಿ ಹಿಡಿದ ಫೋನು ಹಾಗೆ ಮುಖ ತಿರುಗಿಸುವುದಿಲ್ಲ.

ಕಾಲ್ ಮಾಡಿದವನಿಗೆ ತನ್ನ ಎದುರು ಯಾರಿದ್ದಾರೆ ಅಂತ ಗೊತ್ತು. ಆ ಕಡೆ ಪರದೆಯ ಸುತ್ತ ಯಾರು ಕೂತಿದ್ದಾರೆ ಅನ್ನುವುದು ಗೊತ್ತಿಲ್ಲ. ನಮ್ಮ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಕೂಡಿಸಿ ‘ಮಾತಾಡ್ರಿ’ ಅಂದ ಮೇಲೆ ನಾವು ಲೈನಿನಿಂದ ಹೊರಗೆ ಬರಬೇಕಿತ್ತು. ಕೇಳುತ್ತೇವೆಂದರೆ ಕೇಳಬಹುದಿತ್ತು, ಹೆಡ್‌ಸೆಟ್ ಕಿವಿಯ ಮೇಲೇ ಇರುತ್ತಿತ್ತು. ಸಾವಿನ ಸುದ್ದಿ, ಸಾಲದ ಮಾತು, ಮುರಿದ ನಿಶ್ಚಯ ಎಲ್ಲವೂ ಅದೇ ತಂತಿಯಲ್ಲಿ ಹೋಗುತ್ತಿತ್ತು. ಲೈನಿನಲ್ಲಿ ಮೂರನೆಯವರಿದ್ದರೆ ಮಾತಾಡುವವರಿಗೆ ಅದು ಗೊತ್ತಿರಬೇಕು ಅನ್ನುವುದನ್ನು ನಾವು ಕೆಲಸದ ಮೊದಲ ದಿನಗಳಲ್ಲೇ ಕಲಿತೆವು. ವಿಡಿಯೋ ಕಾಲಿಗೂ ನಾನು ಅಷ್ಟೇ ಕೇಳುತ್ತೇನೆ. ಹಚ್ಚುವ ಮೊದಲು ಈ ಕಡೆಯವರಿಗೆ ‘ಊರಿಗೆ ವಿಡಿಯೋ ಹಚ್ತೀನಿ’ ಅನ್ನಬೇಕು. ಹಚ್ಚಿದ ಕೂಡಲೇ ಆ ಕಡೆಯವರಿಗೆ ‘ಯಾರ್ಯಾರು ಅದೀರಿ?’ ಅನ್ನಬೇಕು. ಇನ್ನೊಂದು ಮಾತು ಮನೆಯಲ್ಲಿ ಎಲ್ಲರಿಗೂ ತಿಳಿಸಿ: ಆ ಕಡೆಯವರು ಪರದೆಯನ್ನೇ ರೆಕಾರ್ಡ್ ಮಾಡಿಕೊಂಡರೆ ವಾಟ್ಸಾಪ್ ಈ ಕಡೆ ಏನೂ ತಿಳಿಸುವುದಿಲ್ಲ.

ಹಾಗಂತ ಊರಲ್ಲಿ ಉಳಿದ ಮುದುಕಿಗೆ ಸಮುದ್ರ ತೋರಿಸಬೇಡಿ ಅನ್ನುವವಳು ನಾನಲ್ಲ. ತೋರಿಸಲೇಬೇಕು. ಆಲಮಟ್ಟಿಯ ಹಿನ್ನೀರಿಗಿಂತ ದೊಡ್ಡ ನೀರು ಕಾಣದ ಎಷ್ಟೋ ಅವ್ವಂದಿರು ನಮ್ಮಲ್ಲಿದ್ದಾರೆ. ಮಂಡಿ ನೋವಿನವರು ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲಾರರು, ಅವರಿಗೆ ಫೋನೇ ದಾರಿ. ಅದಕ್ಕೇ ಚೆಂದ ಕಾಣುವ ಹಾಗೆ ತೋರಿಸಿ. ಎಲ್ಲರ ಜಳಕ ಮುಗಿದು ಒಣ ಬಟ್ಟೆ ಉಟ್ಟ ಮೇಲೆ ಮಂದಿ ಕಡಿಮೆ ಇರುವ ಕಡೆ ನಡೆಯಿರಿ, ನೀರಿನ ಅಂಚು ಬಿಟ್ಟು ಮೇಲೆ ಒಣ ಮರಳಿನಲ್ಲಿ ನಿಲ್ಲಿ. ಮುಂಜಾನೆಯೇ ಒಳ್ಳೆಯ ಹೊತ್ತು. ನಮ್ಮ ಕರಾವಳಿಯಲ್ಲಿ ಸೂರ್ಯ ಹುಟ್ಟುವುದು ಗುಡ್ಡದ ಕಡೆಯಿಂದ. ಸಮುದ್ರಕ್ಕೆ ಬೆನ್ನು ಮಾಡಿ ನಿಂತರೆ ಬೆಳಕು ನಿಮ್ಮ ಮುಖದ ಮೇಲೂ ಬೀಳುತ್ತದೆ, ಹಿಂದಿನ ನೀರಿನ ಮೇಲೂ ಬೀಳುತ್ತದೆ. ಸಂಜೆ ಹಾಗೆ ನಿಂತರೆ ಮುಖ ಕಪ್ಪಗೆ ಕಾಣುತ್ತದೆ. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಜೋರಾಗಿ ಮೈಕಿಗೆ ಬಡಿಯುತ್ತದೆ, ಆ ಕಡೆಯವರಿಗೆ ಭರ್ ಅನ್ನುವ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಆಗಲೇ ಎಲ್ಲರೂ ಕೂಗಾಡಲು ಶುರು ಮಾಡುವುದು. ಮಾತು ಮುಗಿದ ಮೇಲೆ ಹಿಂದಿನ ಕ್ಯಾಮೆರಾ ಹಚ್ಚಿ, ನೀರಿನ ಕಡೆಗಷ್ಟೇ ಹಿಡಿದು, ಕೈ ಅಲುಗಿಸದೆ ನಿಲ್ಲಿ. ಯಾರೂ ಮಾತಾಡಬೇಡಿ. ಅವ್ವನಿಗೆ ತೆರೆಯ ಸದ್ದು ಕೇಳಲಿ.

ಮುಂದಿನ ಪ್ರವಾಸಕ್ಕೆ ಬಸ್ಸು ಹತ್ತುವ ಮೊದಲೇ ಅತ್ತೆಯ ಬಾಯಿಂದ ಒಂದು ಮಾತು ಆಡಿಸಿ: ‘ಜಳಕ ಮುಗಿಯೂತನಕ ಯಾರ ಫೋನೂ ಚೀಲದಿಂದ ಹೊರಗ ಬರಬಾರದು.’ ಅತ್ತೆ ಹೇಳಿದರೆ ಪದ್ಧತಿ, ಸೊಸೆ ಹೇಳಿದರೆ ಕಿರಿಕಿರಿ ಅನ್ನುವ ಮನೆಗಳು ಇನ್ನೂ ಇವೆ. ಅವರೂ ಅವತ್ತು ತೊಯ್ದ ಸೀರೆಯಲ್ಲೇ ಇದ್ದರಲ್ಲ, ಅವರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಗೆಳೆಯನ ಹುಟ್ಟುಹಬ್ಬಕ್ಕೆ ಗೋವಾಕ್ಕೆ ಹೋಗಿದ್ದೆವು. ಬಾರದೆ ಉಳಿದ ಗೆಳೆಯರಿಗೆ ಗ್ರೂಪ್ ವಿಡಿಯೋ ಕಾಲ್ ಮಾಡಿ ಬೀಚು ತೋರಿಸುವಾಗ, ಈಜುಡುಗೆಯಲ್ಲಿದ್ದ ಒಬ್ಬ ಮಹಿಳೆ ಸಿಟ್ಟಾಗಿ ಬಂದು ಫೋನ್ ಕೆಳಗಿಳಿಸಲು ಹೇಳಿದರು. ನಾವು ರೆಕಾರ್ಡ್ ಮಾಡಿರಲಿಲ್ಲ. ಬೀಚು ಸಾರ್ವಜನಿಕ ಜಾಗ ಅಲ್ಲವೇ? ಯಾವ ಕಾನೂನು ಇದನ್ನು ತಡೆಯುತ್ತದೆ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ)

ಕಾನೂನು ಕೇಳಿದ್ದೀರಿ, ಮೊದಲು ಅದನ್ನೇ ಹೇಳುತ್ತೇನೆ ತಮ್ಮಾ. 2023ರ ಜನವರಿಯಲ್ಲಿ ಗೋವಾ ಪ್ರವಾಸೋದ್ಯಮ ಇಲಾಖೆ ಪ್ರವಾಸಿಗರಿಗೆ ಒಂದು ಸೂಚನೆ ಹೊರಡಿಸಿತು. ಬೇರೆ ಪ್ರವಾಸಿಗರ ಅನುಮತಿ ಇಲ್ಲದೆ ಅವರ ಫೋಟೋ, ಸೆಲ್ಫಿ ತೆಗೆಯಬೇಡಿ, ಅದರಲ್ಲೂ ಬಿಸಿಲು ಕಾಯುವವರನ್ನು, ಸಮುದ್ರದಲ್ಲಿ ಈಜುವವರನ್ನು ತೆಗೆಯಬೇಡಿ, ಅವರ ಖಾಸಗಿತನಕ್ಕೆ ಬೆಲೆ ಕೊಡಿ ಅನ್ನುವುದು ಅದರ ಒಂದು ಅಂಶ. ಹಾಗೆ ಹೇಳಬೇಕಾದ ಪರಿಸ್ಥಿತಿಯನ್ನು ಅಲ್ಲಿಗೆ ಹೋಗುವ ನಮ್ಮಂಥವರೇ ತಂದಿಟ್ಟಿದ್ದೇವೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಕನ್ನಡಿಗರೊಬ್ಬರು ಇಡೀ ದೇಶಕ್ಕೆ ಗಳಿಸಿಕೊಟ್ಟ ಹಕ್ಕು ಅದು. ನಿಮ್ಮ ವಯಸ್ಸಿನವರು ಆ ಹೆಸರು ತಿಳಿದಿರಬೇಕು ಅಂತ ನನಗೆ ಮನಸ್ಸಿನಿಂದ ಅನ್ನಿಸುತ್ತದೆ.

ರೆಕಾರ್ಡ್ ಮಾಡಲಿಲ್ಲ ಅನ್ನುವ ನಿಮ್ಮ ಮಾತಿಗೆ ಬರೋಣ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ, ಒಪ್ಪಿಗೆ ಇಲ್ಲದೆ ಒಬ್ಬರ ಗುಪ್ತಾಂಗಗಳ ಚಿತ್ರ ಸೆರೆಹಿಡಿಯುವುದಷ್ಟೇ ಅಲ್ಲ, ಬೇರೆಯವರು ನೋಡಲೆಂದು ಅದನ್ನು ರವಾನಿಸುವುದನ್ನೂ ಅಪರಾಧ ಅನ್ನುತ್ತದೆ. ಬರೀ ಒಳಉಡುಪಿನಲ್ಲಿದ್ದರೂ ಅದು ಅನ್ವಯಿಸುತ್ತದೆ. ಮೂರು ವರ್ಷದವರೆಗೆ ಜೈಲು, ಇಲ್ಲವೆ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಜಾಗ ಸಾರ್ವಜನಿಕವೋ ಖಾಸಗಿಯೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಈಜುಡುಗೆಯವರು ದೂರದ ಹಿನ್ನೆಲೆಯಲ್ಲಿ ಹಾದುಹೋದರೆ ಈ ಕಲಂ ಹತ್ತುತ್ತದೆ ಅಂತ ನಾನು ಹೆದರಿಸುವುದಿಲ್ಲ. ಆದರೆ ಟವೆಲ್ಲಿನ ಮರೆಯಲ್ಲಿ ಬಟ್ಟೆ ಬದಲಿಸುವವರ ಕಡೆ ನೇರ ಪ್ರಸಾರ ತಿರುಗಿದರೆ, ‘ಸೇವ್ ಮಾಡಿಲ್ಲ’ ಅನ್ನುವುದು ನೆವವಾಗಲಾರದು.

ಈಗ ಕಾನೂನು ಬಿಡಿ. ವಾಟ್ಸಾಪ್ ಗ್ರೂಪ್ ಕಾಲಿನಲ್ಲಿ ಮೂವತ್ತೆರಡು ಜನ ಸೇರಬಹುದು. ಆ ಹೆಣ್ಣುಮಗಳು ನೋಡಿದ್ದು ತನ್ನ ಕಡೆ ತಿರುಗಿದ ಒಂದು ಫೋನು, ಅದರೊಳಗೆ ಸಾಲು ಸಾಲು ಹುಡುಗರ ಮುಖ, ಆ ಕಡೆಯಿಂದ ನಗು. ನೀವು ಕೇಕಿಗೆ ನಕ್ಕಿರಬಹುದು. ಅವರಿಗೆ ಹೇಗೆ ಗೊತ್ತಾಗಬೇಕು? ಯಾರಾದರೂ ಬಂದು ಬೇಡ ಅಂದರೆ ವಾದ ಮಾಡಬೇಡಿ. ಫೋನು ಕೆಳಗಿಳಿಸಿ, ಕಟ್ ಮಾಡಿ, ಸಾರಿ ಅನ್ನಿ. ಗ್ಯಾಲರಿ ತೋರಿಸಿ ಅಂದರೆ ತೋರಿಸಿ, ಅದರಲ್ಲಿ ಅವಮಾನವೇನಿಲ್ಲ. ದಂಡೆಯಲ್ಲಿ ಕೂತು ಹರಟೆ ಹೊಡೆಯಬೇಕಾದರೆ ಮುಂದಿನ ಕ್ಯಾಮೆರಾ ಇಟ್ಟು ಹಿನ್ನೆಲೆ ಮಸುಕು ಮಾಡಿಕೊಳ್ಳಿ. 2024ರಿಂದ ವಾಟ್ಸಾಪಿನಲ್ಲೇ ಆ ಸೌಲಭ್ಯ ಇದೆ. ಫೋನು ಎತ್ತಿ ಗಿರ್ರನೆ ಸುತ್ತ ತಿರುಗಿಸುತ್ತಾರಲ್ಲ, ಅದೊಂದನ್ನು ಪೂರ್ತಿ ಬಿಟ್ಟುಬಿಡಿ.

ಪ್ರಶ್ನೆ: ತಂದೆಯವರ ಅಸ್ಥಿ ವಿಸರ್ಜನೆಗೆ ಗೋಕರ್ಣಕ್ಕೆ ಹೋಗುವವರಿದ್ದೇವೆ. ತಮ್ಮ ದುಬೈನಲ್ಲಿದ್ದಾನೆ, ರಜೆ ಸಿಕ್ಕಿಲ್ಲ. ವಿಡಿಯೋ ಕಾಲಿನಲ್ಲಿ ತೋರಿಸು ಅಂತ ಅಳುತ್ತಾನೆ. ಬಳಗದವರು ಸರಿಯಲ್ಲ ಅನ್ನುತ್ತಾರೆ. ಏನು ಮಾಡಲಿ?
(ಬೈಲಹೊಂಗಲ)

ತೋರಿಸಿ ಅಣ್ಣಾ. ತಂದೆಯ ಕೊನೆಯ ಕಾರ್ಯವನ್ನು ಮಗ ದೂರದಿಂದಲಾದರೂ ನೋಡುವುದರಲ್ಲಿ ತಪ್ಪಿಲ್ಲ. ಕಾರ್ಯ ಮಾಡಿಸುವ ಭಟ್ಟರಿಗೆ ಹಿಂದಿನ ದಿನವೇ ಹೇಳಿ ಒಪ್ಪಿಗೆ ಪಡೆಯಿರಿ. ಬಳಗದ ಹಿರಿಯರಿಗೂ ಮೊದಲೇ ತಿಳಿಸಿ, ಅಲ್ಲಿ ಹೋಗಿ ಫೋನು ತೆಗೆದರೆ ಎಲ್ಲರ ಮನಸ್ಸೂ ಕೆಡುತ್ತದೆ.

ಫೋನು ನೀವು ಹಿಡಿಯಬೇಡಿ, ಕರ್ತೃ ನೀವು. ಸಂಬಂಧಿಕರಲ್ಲಿ ಸಮಾಧಾನದ ಒಬ್ಬ ಹುಡುಗನಿಗೆ ಕೊಡಿ. ಅವನು ನಿಮ್ಮ ಪಕ್ಕ ಕೂತು ನಿಮ್ಮ ಕೈ, ಎಲೆ, ನೀರು ಇಷ್ಟೇ ಕಾಣುವ ಹಾಗೆ ಹಿಡಿಯಲಿ. ಅದೇ ಮರಳಿನ ಮೇಲೆ ನಾಲ್ಕು ಮಾರು ದೂರದಲ್ಲಿ ಇನ್ನೊಂದು ಮನೆಯವರು ಅಳುತ್ತಿರುತ್ತಾರೆ, ಅಮಾವಾಸ್ಯೆಯಂದು ಇನ್ನೂ ಹೆಚ್ಚು. ಅವರ ದುಃಖ ನಿಮ್ಮ ತಮ್ಮನಿಗೂ ಕಾಣಬಾರದು. ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿ. ತಮ್ಮ ಅತ್ತರೆ ಅದು ನಿಮ್ಮ ಕಿವಿಗಷ್ಟೇ ಕೇಳಲಿ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ಇಲ್ಲಿ ಆರಕ್ಕೆ ಶುರುವಾದರೆ ಅಲ್ಲಿ ನಾಲ್ಕೂವರೆ, ಅವನನ್ನು ಮೊದಲೇ ಎಬ್ಬಿಸಿಡಿ. ಜನ ಹೆಚ್ಚಿದ್ದಾಗ ನೆಟ್‌ವರ್ಕ್ ಕೈಕೊಡುತ್ತದೆ. ಚಿತ್ರ ನಿಂತರೆ ಪದೇ ಪದೇ ಹಚ್ಚುತ್ತ ಕಾರ್ಯ ತಡೆಯಬೇಡಿ, ಬರೀ ಧ್ವನಿಯ ಕಾಲ್ ಮಾಡಿ. ಮಂತ್ರ, ನೀರಿನ ಸದ್ದು ಕೇಳಿದರೂ ಅವನಿಗೆ ಸಾಕು. ಸ್ಟೇಟಸ್ಸಿಗೆ ಮಾತ್ರ ಏನನ್ನೂ ಹಾಕಬೇಡಿ.

ಪ್ರಶ್ನೆ: ಮುರ್ಡೇಶ್ವರದಲ್ಲಿ ಆಫೀಸಿನ ಕಾಲ್ ಬಂತೆಂದು ದಂಡೆಯಲ್ಲಿ ನಿಂತು ಮಾತಾಡುತ್ತಿದ್ದೆ. ಏಳು ವರ್ಷದ ಮಗ ಮೊಣಕಾಲುದ್ದ ನೀರಿನಲ್ಲಿ ಎದುರಿಗೇ ಆಡುತ್ತಿದ್ದ. ಹೆಂಡತಿ ಅಲ್ಲಿಂದ ಬಂದ ಮೇಲೂ ಮಾತು ಬಿಟ್ಟಿದ್ದಾಳೆ. ಇದು ಅತಿಯಾಯಿತು ಅನ್ನಿಸುವುದಿಲ್ಲವೇ?
(ವಿಜಯಪುರ)

ಇಲ್ಲ, ಅತಿಯಾಗಿಲ್ಲ. ಅವರ ಕಡೆ ನಾನಿದ್ದೇನೆ.

ಮುಳುಗುವವರು ಕೈ ಬೀಸಿ ‘ಕಾಪಾಡ್ರಿ’ ಅಂತ ಕೂಗುತ್ತಾರೆ ಅಂತ ನಾವು ತಿಳಿದಿದ್ದೇವೆ. ಹಾಗಾಗುವುದು ಕಡಿಮೆ. ಬಾಯಿ ನೀರಿನ ಮೇಲೆ ಬಂದಾಗ ಉಸಿರು ಎಳೆಯುವುದಕ್ಕೇ ಹೊತ್ತು ಸಾಲದು, ಕೂಗುವುದಕ್ಕೆ ಎಲ್ಲಿಂದ ಬರಬೇಕು? ಕೈಗಳು ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬೀಸಲು ಬರುವುದಿಲ್ಲ. ಮಕ್ಕಳು ಒಂದು ನಿಮಿಷದೊಳಗೆ, ಸದ್ದಿಲ್ಲದೆ ಮುಳುಗಬಲ್ಲರು. ದಂಡೆಗೆ ಬಂದ ತೆರೆಯ ನೀರು ತಿರುಗಿ ಹೋಗುವಾಗ ಕೆಲವು ಕಡೆ ಕಿರಿದಾದ ಕಾಲುವೆಯಂತೆ ಸೇರಿ ರಭಸದಿಂದ ಒಳಗೆ ಸೆಳೆಯುತ್ತದೆ. ಮೊಣಕಾಲುದ್ದ ಇದ್ದ ನೀರು ಮುಂದಿನ ತೆರೆಗೆ ಎದೆಯುದ್ದ ಆಗುತ್ತದೆ. 2024ರ ಡಿಸೆಂಬರ್‌ನಲ್ಲಿ ಅದೇ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ವಸತಿ ಶಾಲೆಯ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಅದು ಫೋನಿನಿಂದ ಆದದ್ದಲ್ಲ. ಆ ನೀರು ಎಂಥದ್ದು ಅಂತ ನಿಮಗೆ ತಿಳಿಯಲಿ ಅಂತ ಹೇಳಿದೆ.

ನಿಮ್ಮ ಕಣ್ಣು ಮಗನ ಮೇಲೇ ಇದ್ದಿರಬಹುದು, ಮನಸ್ಸು ಆಫೀಸಿನಲ್ಲಿತ್ತು. ಕಾಲ್ ಬಂದಾಗ ಮಗನನ್ನು ನೀರಿನಿಂದ ಮೇಲೆ ಕರೆದು, ಕೈ ಹಿಡಿದುಕೊಂಡು, ಆಮೇಲೆ ಹಲೋ ಅನ್ನಿ. ಇಲ್ಲವೆ ಹೆಂಡತಿಗೆ ‘ಈಗ ನೀ ನೋಡು’ ಅಂತ ಬಾಯಿಬಿಟ್ಟು ಹೇಳಿ, ಆಕೆ ‘ಹೂಂ’ ಅಂದ ಮೇಲೆ ಫೋನು ಎತ್ತಿ. ಅವರು ನೋಡುತ್ತಾರೆ ಅಂತ ಇವರು, ಇವರು ನೋಡುತ್ತಾರೆ ಅಂತ ಅವರು ಇದ್ದರೆ ಮಗುವಿಗೆ ಯಾರೂ ಇಲ್ಲ. ಜೀವರಕ್ಷಕರು ಸೀಟಿ ಊದಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕೆಂಪು ಬಾವುಟ ಇದ್ದ ಕಡೆ ಇಳಿಯಲೇಬೇಡಿ. ಬಂಡೆ ಹತ್ತಿ, ಸಮುದ್ರಕ್ಕೆ ಬೆನ್ನು ಹಾಕಿ ಕಾಲ್ ಮಾಡುವವರಿಗೂ ಇದೇ ಮಾತು: ಪಾಚಿ ಕಾಲಿಗೆ ತಿಳಿಯುವುದಿಲ್ಲ, ಹಿಂದಿನಿಂದ ಬರುವ ತೆರೆ ಕಣ್ಣಿಗೆ ಕಾಣುವುದಿಲ್ಲ. ಏನಾದರೂ ಆದರೆ ನೀವೇ ನೀರಿಗೆ ಹಾರಬೇಡಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಹಚ್ಚಿ. ಫೋನು ಕೈಯಲ್ಲಿರಬೇಕಾದದ್ದು ಅದಕ್ಕೆ.

ಮೊದಲು ಹೆಂಡತಿಯ ಹತ್ತಿರ ಹೋಗಿ ಮಾತಾಡಿ.

ಪ್ರಶ್ನೆ: ಕಾರವಾರದಲ್ಲಿ ರಂಪಣಿ ಬಲೆ ಎಳೆಯುವುದನ್ನು ಅಣ್ಣನಿಗೆ ಲೈವ್ ತೋರಿಸುವಾಗ ಮೀನುಗಾರರೊಬ್ಬರು ಗದರಿಸಿದರು. ಅದರಲ್ಲಿ ಮುಚ್ಚುಮರೆ ಏನಿದೆ?
(ಜಮಖಂಡಿ)

ಮುಚ್ಚುಮರೆ ಏನೂ ಇಲ್ಲ, ನೀವು ಹಗ್ಗದ ದಾರಿಯಲ್ಲಿ ನಿಂತಿರಬೇಕು. ರಂಪಣಿಯನ್ನು ದೋಣಿಯಿಂದ ಅರ್ಧ ಚಂದ್ರದ ಹಾಗೆ ಬಿಟ್ಟು, ಎರಡೂ ತುದಿಗಳನ್ನು ದಂಡೆಯಿಂದ ಹತ್ತಾರು ಜನ ಒಂದೇ ಲಯದಲ್ಲಿ ಎಳೆಯುತ್ತಾರೆ. ನಡುವೆ ಯಾರಾದರೂ ಬಂದರೆ ಲಯ ತಪ್ಪುತ್ತದೆ, ಮೀನು ತಪ್ಪುತ್ತದೆ. ನಮ್ಮ ಕಡೆ ರಾಶಿ ಮಾಡುವಾಗ ಕಣದೊಳಗೆ ಯಾರೋ ಫೋನು ಹಿಡಿದು ಅಡ್ಡಾಡಿದರೆ ನೀವು ಸುಮ್ಮನಿರುತ್ತೀರಾ? ದೂರ ನಿಂತು, ಎಳೆಯುವವರಲ್ಲಿ ಹಿರಿಯರೊಬ್ಬರನ್ನು ‘ತೋರಿಸಲಾ?’ ಅಂತ ಕೇಳಿ. ಹೂಂ ಅಂದರೆ ತೋರಿಸಿ. ಮೀನು ಮಾರುವ ಅಕ್ಕಂದಿರ ಮುಖಕ್ಕೆ ಫೋನು ಹಿಡಿದು ರೇಟು ಕೇಳುವುದೂ ಬೇಡ, ಅದು ಅವರ ವ್ಯಾಪಾರದ ಹೊತ್ತು.

ಪ್ರಶ್ನೆ: ಹೊನ್ನಾವರದ ಹತ್ತಿರ ರಾತ್ರಿ ಕಡಲಾಮೆ ಮೊಟ್ಟೆ ಇಡಲು ಬರುತ್ತವಂತೆ. ಮಕ್ಕಳ ಅಜ್ಜನಿಗೆ ವಿಡಿಯೋ ಕಾಲಿನಲ್ಲಿ ತೋರಿಸಬಹುದೇ?
(ಮುಧೋಳ)

ಬೇಡ. ಕಾಸರಕೋಡು ಟೊಂಕದ ಮರಳಿಗೆ ಬರುವ ಆಲಿವ್ ರಿಡ್ಲೆ ಆಮೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವಿ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ ಅದಕ್ಕಿದೆ. ವಿಡಿಯೋ ಕಾಲಿಗೆ ಬೆಳಕು ಬೇಕು, ಟಾರ್ಚ್ ಹಚ್ಚುತ್ತೀರಿ. ಬೆಳಕು ಕಂಡ ತಾಯಿ ಆಮೆ ಮೊಟ್ಟೆ ಇಡದೆ ತಿರುಗಿ ಹೋಗಬಹುದು. ಮರಿಗಳದ್ದು ಇನ್ನೂ ಕಷ್ಟ. ಮರಳಿನಿಂದ ಎದ್ದ ಕೂಡಲೇ ಅವು ಹೆಚ್ಚು ಬೆಳಕಿರುವ ಕಡೆ ತೆವಳುತ್ತವೆ. ಕತ್ತಲಲ್ಲಿ ಆ ಬೆಳಕು ಸಮುದ್ರದ ಬಾನಂಚಿನದ್ದು, ಅದೇ ಅವುಗಳ ದಾರಿ. ನಿಮ್ಮ ಫೋನು ಹತ್ತಿದರೆ ಅವು ನಿಮ್ಮ ಕಡೆ ಬರುತ್ತವೆ, ನೀರು ಮುಟ್ಟದೆ ಸಾಯುತ್ತವೆ. ಮಕ್ಕಳು ನೋಡಿ ಬಂದದ್ದನ್ನು ಮರುದಿನ ಅಜ್ಜನಿಗೆ ಬಾಯಿಂದಲೇ ಹೇಳಲಿ. ಅಜ್ಜನಿಗೂ ಅದೇ ಹೆಚ್ಚು ಖುಷಿ.

ಪ್ರಶ್ನೆ: ವಿಡಿಯೋ ಕಾಲ್ ಮಾಡುವಾಗ ತೆರೆ ಬಡಿದು ಫೋನು ತೊಯ್ದಿತು. ‘ವಾಟರ್‌ಪ್ರೂಫ್’ ಅಂತ ಕೊಂಡಿದ್ದೆ. ಅಕ್ಕಿಯಲ್ಲಿ ಇಟ್ಟಿದ್ದೇನೆ.
(ಗೋಕಾಕ)

ಅಕ್ಕಿಯಿಂದ ತೆಗೆಯಿರಿ, ಅದರ ಪುಡಿ ಒಳಗೆ ಹೋಗುತ್ತದೆ. ನೀರು, ದೂಳು ತಡೆಯುತ್ತದೆ ಅನ್ನುವ ಐಪಿ68 ಗುರುತು ಬರೆದಿದ್ದರೂ ಆ ಪರೀಕ್ಷೆ ಸಿಹಿನೀರಿನದು, ಉಪ್ಪುನೀರಿಗೆ ಆ ಭರವಸೆ ಇಲ್ಲ. ಉಪ್ಪು ತೊಳೆಯಲು ಸಿಹಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಗಾಳಿಯಲ್ಲಿ ಒಣಗಿಸಿ, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಚ್ಚಬೇಡಿ.

ಪ್ರಶ್ನೆ: ಪಕ್ಕದಲ್ಲಿ ಕೂತವರು ಸ್ಪೀಕರ್ ಹಾಕಿ ಅರ್ಧ ತಾಸು ಮನೆ ಜಗಳ ಮಾತಾಡಿದರು. ಸೂರ್ಯ ಮುಳುಗುವುದನ್ನು ನೋಡಲು ಅಷ್ಟು ದೂರ ಹೋದ ನಮಗೆ ಅವರ ಮನೆಯ ಸೊಸೆಯ ಕಥೆಯೆಲ್ಲ ಗೊತ್ತಾಯಿತು. ಜಗಳವಿಲ್ಲದೆ ಹೇಗೆ ಹೇಳುವುದು?
(ಅಥಣಿ)

ಹತ್ತಿರ ಹೋಗಿ, ಬಗ್ಗಿ, ಮೆಲ್ಲಗೆ ‘ಅಕ್ಕಾರ, ನಿಮ್ಮ ಮನಿ ಮಾತು ನಮಗೆಲ್ಲ ಕೇಳಾಕತ್ತೈತ್ರಿ’ ಅನ್ನಿ. ಗದ್ದಲ ಆಗುತ್ತಿದೆ ಅಂದರೆ ಅವರು ಸಿಟ್ಟಾಗುತ್ತಾರೆ. ಮನೆಯ ಗುಟ್ಟು ಹೊರಗೆ ಹೋಗುತ್ತಿದೆ ಅಂದರೆ ತಾವೇ ಗಾಬರಿಯಾಗಿ ಸ್ಪೀಕರ್ ಬಂದ್ ಮಾಡುತ್ತಾರೆ. ಗಾಳಿಯ ಸದ್ದಿಗೆ ಫೋನು ಕಿವಿಗೆ ಹಿಡಿದರೂ ಕೇಳದೆ ಸ್ಪೀಕರ್ ಹಾಕಿದವರೂ ಇರುತ್ತಾರೆ. ಕಿವಿ ಮಂದಾದ ಹಿರಿಯರಾದರೆ ‘ಆ ಗೂಡಂಗಡಿ ಹಿಂದ ಗಾಳಿ ಇಲ್ಲ, ಅಲ್ಲಿ ಚೊಲೋ ಕೇಳತೈತಿ’ ಅಂತ ಜಾಗ ತೋರಿಸಿ. ಆ ಕಥೆಯಲ್ಲಿ ಬಂದ ಸೊಸೆಯ ಹೆಸರು, ಊರು ನಿಮಗೆ ತಿಳಿದಿದ್ದರೆ ಅದನ್ನು ಅಥಣಿಯಲ್ಲಿ ಯಾರಿಗೂ ಹೇಳಬೇಡಿ.